ಜ್ವಾಲಾಮುಖಿಯ ಕಾವಲು ಕಾದ ಯಾಜಕ
ಫಾದರ್ ಜುಸೆಪ್ಪೆ ಮೆರ್ಕಲಿಯವರ ಜೀವನ ಮತ್ತು ಸೇವೆ

ಒಂದು ಧರ್ಮಕೇಂದ್ರದ ಬಾಳಿನಲ್ಲಿ ದೇವಾಲಯದ ಗಂಟೆಗೆ ಇರುವ ಸ್ಥಾನವನ್ನು ಯಾರೂ ಬಣ್ಣಿಸಿ ಹೇಳಬೇಕಾಗಿಲ್ಲ. ತ್ರಿಕಾಲ ಪ್ರಾರ್ಥನೆಗೆ, ಬಲಿಪೂಜೆಗೆ, ಮದುವೆಗೆ, ಮರಣಕ್ಕೆ ಅದು ಮೊಳಗುತ್ತದೆ. ಪ್ರತಿಯೊಂದು ನಾದದ ಹಿಂದೆಯೂ ಹಗ್ಗವನ್ನು ಎಳೆಯುವ ಒಂದು ಕೈ ಇರುತ್ತದೆ. ಆದರೆ ಯಾವ ಕೈಯೂ ಹಗ್ಗವನ್ನು ಮುಟ್ಟದೆ, ಗೋಪುರದ ಗಂಟೆಗಳು ತಾವಾಗಿಯೇ ಮೊಳಗುವ ಘೋರ ಗಳಿಗೆಗಳೂ ಈ ಲೋಕದಲ್ಲಿ ಉಂಟು. ಭೂಮಿ ನಡುಗಿದಾಗ ಗೋಪುರ ತೂಗುತ್ತದೆ, ಗೋಪುರದೊಡನೆ ಗಂಟೆಯೂ ತೂಗುತ್ತದೆ. ಅಂತಹ ನಾದವನ್ನು ಕೇಳಿ ಜನರು ಮನೆಗಳಿಂದ ಓಡಿಬಂದ ಊರುಗಳು ಇಟಲಿ ದೇಶದಲ್ಲಿ ಅನೇಕ.

ಆ ಗಂಟೆಯ ನಾದವನ್ನು ಕೂಡ ವಿಜ್ಞಾನದ ಒಂದು ಸಾಕ್ಷ್ಯವಾಗಿ ಸ್ವೀಕರಿಸಿ, ಭೂಕಂಪದ ಪ್ರಭಾವವನ್ನು ಅಳೆಯುವ ಕ್ರಮವೊಂದನ್ನು ಜಗತ್ತಿಗೆ ಕೊಟ್ಟವರು ಒಬ್ಬ ಕಥೋಲಿಕ ಯಾಜಕರು. ಅವರೇ ಫಾದರ್ ಜುಸೆಪ್ಪೆ ಮೆರ್ಕಲಿ. ಭೂಗೋಳ ಪಾಠವನ್ನು ಓದಿದ ನಮ್ಮ ಮಕ್ಕಳಿಗೆ ಮೆರ್ಕಲಿ ಮಾಪಕದ ಹೆಸರು ಪರಿಚಿತವಾಗಿರಬಹುದು. ಆದರೆ ಆ ಹೆಸರಿನ ವ್ಯಕ್ತಿ ಯಾಜಕದೀಕ್ಷೆ ಪಡೆದ ಗುರುವೆಂಬುದನ್ನೂ, ಬಹುಕಾಲ ಸಾಮಾನ್ಯ ಶಾಲಾ ಉಪಾಧ್ಯಾಯರಾಗಿ ದುಡಿದು, ಬಿಡುವಿನ ವೇಳೆಯಲ್ಲಿ ಜ್ವಾಲಾಮುಖಿಯೊಂದರ ಕಾವಲು ಕಾದವರೆಂಬುದನ್ನೂ ಬಲ್ಲವರು ವಿರಳ. ಶತಮಾನೋತ್ಸವದ ಈ ಸ್ಮರಣ ಸಂಚಿಕೆಯಲ್ಲಿ ಅವರ ಜೀವನವನ್ನು ಸಂಕ್ಷೇಪವಾಗಿ ನಿವೇದಿಸಿಕೊಳ್ಳುತ್ತೇವೆ.

ಜನನ ಮತ್ತು ವಿದ್ಯಾಭ್ಯಾಸ

ಜುಸೆಪ್ಪೆ ಎಂಬುದು ಜೋಸೆಫ್ ಎಂಬ ಹೆಸರಿನ ಇಟಾಲಿಯನ್ ರೂಪ. ಸಂತ ಜೋಸೆಫರ ನಾಮಧೇಯವನ್ನು ಹೊತ್ತ ಈ ಬಾಲಕ 1850ನೆಯ ಇಸವಿ ಮೇ 21ರಂದು ಮಿಲಾನ್ ನಗರದಲ್ಲಿ ಜನಿಸಿದನು. ಆಗ ಮಿಲಾನ್ ಆಸ್ಟ್ರಿಯಾದ ಆಳ್ವಿಕೆಯಲ್ಲಿತ್ತು. ಇಟಲಿ ಇನ್ನೂ ಒಂದು ರಾಷ್ಟ್ರವಾಗಿರಲಿಲ್ಲ. ದೈವಕರೆಗೆ ಓಗೊಟ್ಟು ಗುರುಮಠವನ್ನು ಸೇರಿದ ಜುಸೆಪ್ಪೆ 1872ರಲ್ಲಿ ಯಾಜಕದೀಕ್ಷೆಯನ್ನು ಪಡೆದರು. ಎರಡು ವರ್ಷಗಳ ತರುವಾಯ, 1874ರಲ್ಲಿ, ಪ್ರಕೃತಿ ವಿಜ್ಞಾನದಲ್ಲಿ ಪದವಿಯನ್ನೂ ಗಳಿಸಿದರು.

ಅವರ ವಿದ್ಯಾಗುರುಗಳಾದ ಅಂತೋನಿಯೊ ಸ್ತೊಪ್ಪಾನಿಯವರು ಸ್ವತಃ ಯಾಜಕರಾಗಿದ್ದರು. ಅಂದಿನ ಇಟಲಿಯ ಭೂವಿಜ್ಞಾನಿಗಳಲ್ಲಿ ಅಗ್ರಗಣ್ಯರೆನಿಸಿದ್ದರು. ಬೆಟ್ಟ, ಕಣಿವೆ, ಹಿಮನದಿಗಳನ್ನು ದೇವರು ತೆರೆದಿಟ್ಟ ಗ್ರಂಥವೆಂದು ಭಾವಿಸಿ ಓದುವ ಅಭ್ಯಾಸವನ್ನು ಶಿಷ್ಯರು ಈ ಗುರುವಿನಿಂದ ಕಲಿತರು. ಆಲ್ಪ್ಸ್ ಪರ್ವತದ ತಪ್ಪಲಿನಲ್ಲಿ ಪುರಾತನ ಹಿಮನದಿಗಳು ಬಿಟ್ಟುಹೋದ ಕಲ್ಲುಮಣ್ಣಿನ ರಾಶಿಗಳೇ ಮೆರ್ಕಲಿಯವರ ಮೊದಲ ಸಂಶೋಧನೆಗೆ ವಸ್ತುವಾದವು. ಮೊಂಜಾ ಪಟ್ಟಣದ ಗುರುಮಠದಲ್ಲಿ ಅವರು ಪ್ರಕೃತಿ ವಿಜ್ಞಾನದ ಉಪಾಧ್ಯಾಯರಾದರು.

ಆ ಕಾಲದ ಇಟಲಿಯಲ್ಲಿ ಭೂಕಂಪಗಳ ಅಧ್ಯಯನಕ್ಕೆ ಧಾರ್ಮಿಕರ ಕೊಡುಗೆ ದೊಡ್ಡದಾಗಿತ್ತೆಂಬುದನ್ನು ಇಲ್ಲಿ ಸ್ಮರಿಸಬೇಕು. ಬರ್ನಬೈಟ್ ಸಭೆಯ ಫಾದರ್ ತಿಮೊತೆಯೊ ಬೆರ್ತೆಲ್ಲಿಯವರು ಫ್ಲಾರೆನ್ಸಿನಲ್ಲಿ ದಾರಕ್ಕೆ ತೂಗುಬಿಟ್ಟ ಲೋಲಕದ ಅತಿಸೂಕ್ಷ್ಮ ಚಲನೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಬರೆದಿಡುತ್ತಿದ್ದರು. ಅದೇ ನಗರದಲ್ಲಿ ಫಾದರ್ ಫಿಲಿಪ್ಪೊ ಚೆಕ್ಕಿಯವರು 1875ರಲ್ಲಿ ಭೂಕಂಪವನ್ನು ದಾಖಲಿಸುವ ಯಂತ್ರವೊಂದನ್ನು ರಚಿಸಿದರು. ರೋಮಿನ ಮಿಕೇಲೆ ಸ್ತೆಫಾನೊ ದೆ ರೊಸ್ಸಿಯವರು 1874ರಲ್ಲಿ ಇಟಲಿಯ ಜ್ವಾಲಾಮುಖಿಗಳನ್ನೂ ಭೂಕಂಪಗಳನ್ನೂ ಕುರಿತ ಪತ್ರಿಕೆಯೊಂದನ್ನು ಆರಂಭಿಸಿ, ಊರೂರಿನ ಹವ್ಯಾಸಿ ವೀಕ್ಷಕರ ವರದಿಗಳನ್ನು ಕ್ರಮವಾಗಿ ಸಂಗ್ರಹಿಸತೊಡಗಿದರು. ಪಾದ್ರಿಗಳು, ಉಪಾಧ್ಯಾಯರು ಮೊದಲಾದ ಸಾಮಾನ್ಯರು ತಾವು ಕಂಡದ್ದನ್ನು ಬರೆದು ಕಳುಹಿಸಿದ ಕಾಗದಗಳಿಂದಲೇ ಈ ವಿಜ್ಞಾನ ಬೆಳೆಯಿತು.

ಇಸ್ಕಿಯಾ ದ್ವೀಪದ ದುರಂತ

1883ರಲ್ಲಿ ಮೆರ್ಕಲಿ ಸ್ವಾಮಿಯವರು ಇಟಲಿಯ ಜ್ವಾಲಾಮುಖಿಗಳನ್ನು ಕುರಿತ ತಮ್ಮ ಬೃಹತ್ ಗ್ರಂಥವನ್ನು ಪ್ರಕಟಿಸಿದರು. ಹಳೆಯ ವೃತ್ತಾಂತಗಳಲ್ಲಿ ಹುದುಗಿದ್ದ ನೂರಾರು ಭೂಕಂಪಗಳ ವಿವರಗಳನ್ನು ಒಟ್ಟುಗೂಡಿಸಿ, ಇಟಲಿಯ ಯಾವ ಪ್ರಾಂತಕ್ಕೆ ಎಷ್ಟು ಅಪಾಯವಿದೆ ಎಂಬುದನ್ನು ತೋರಿಸುವ ನಕಾಶೆಯೊಂದನ್ನೂ ಅದರೊಡನೆ ಕೊಟ್ಟರು. ಈ ಬಗೆಯ ನಕಾಶೆ ಆ ದೇಶದಲ್ಲಿ ಹೊಸದು.

ಅದೇ ವರ್ಷ ಜುಲೈ 28ರ ರಾತ್ರಿ ನೇಪಲ್ಸ್ ಕೊಲ್ಲಿಯ ಇಸ್ಕಿಯಾ ದ್ವೀಪದಲ್ಲಿ ಭೂಮಿ ನಡುಗಿತು. ಈ ದ್ವೀಪ ಜ್ವಾಲಾಮುಖಿಯಿಂದಲೇ ಹುಟ್ಟಿದ್ದು. ಬಿಸಿನೀರಿನ ಬುಗ್ಗೆಗಳಿಗೆ ಹೆಸರಾದದ್ದು. ಆರೋಗ್ಯಕ್ಕಾಗಿಯೂ ವಿಶ್ರಾಂತಿಗಾಗಿಯೂ ಬಂದ ಶ್ರೀಮಂತರಿಂದ ಕಸಮೀಚೋಲಾ ಎಂಬ ಊರು ತುಂಬಿಹೋಗಿತ್ತು. ಕೆಲವೇ ಕ್ಷಣಗಳಲ್ಲಿ ಆ ಊರು ಕಲ್ಲಿನ ರಾಶಿಯಾಯಿತು. ಎರಡು ಸಾವಿರದ ಮುನ್ನೂರಕ್ಕೂ ಮಿಕ್ಕ ಜನರು ಮಡಿದರು. ಮುಂದೆ ತತ್ತ್ವಜ್ಞಾನಿಯೆಂದು ಪ್ರಸಿದ್ಧರಾದ ಬೆನೆದೆತ್ತೊ ಕ್ರೋಚೆಯವರು ಹದಿನೇಳರ ಹರೆಯದಲ್ಲಿ ತಂದೆ, ತಾಯಿ ಮತ್ತು ಸೋದರಿಯನ್ನು ಕಳೆದುಕೊಂಡದ್ದು ಆ ರಾತ್ರಿಯೇ.

ಮೆರ್ಕಲಿ ಸ್ವಾಮಿಯವರು ಈ ದುರಂತವನ್ನು ಕೂಲಂಕಷವಾಗಿ ಅಧ್ಯಯನ ಮಾಡಿ 1884ರಲ್ಲಿ ಗ್ರಂಥವೊಂದನ್ನು ಪ್ರಕಟಿಸಿದರು. ಅಲ್ಲಿ ಎದ್ದುಕಂಡ ಸಂಗತಿ ಇದು: ನಾಶ ಅತಿ ಭೀಕರ, ಆದರೆ ನಾಶದ ಪ್ರದೇಶ ಅತಿ ಚಿಕ್ಕದು. ಕೆಲವು ಮೈಲಿ ದೂರದ ಊರುಗಳಲ್ಲಿ ಹಾನಿ ಅಲ್ಪ. ಇದರಿಂದ ಕಂಪನದ ಮೂಲ ನೆಲದ ಅಡಿಯಲ್ಲಿ ಬಹಳ ಆಳದಲ್ಲಿಲ್ಲ, ಮೇಲ್ಭಾಗದಲ್ಲೇ ಇದೆ ಎಂದು ತಿಳಿಯುತ್ತದೆ. ಜ್ವಾಲಾಮುಖಿಯ ನೆಲದಲ್ಲಿ ಚಿಕ್ಕ ಕಂಪನವೂ ಊರೊಂದನ್ನು ಅಳಿಸಿಹಾಕಬಲ್ಲದು. ಇನ್ನೊಂದು ಸಂಗತಿಯೂ ಮನಸ್ಸನ್ನು ಕಲಕುವಂಥದು. 1881ರ ಮಾರ್ಚ್ ತಿಂಗಳಲ್ಲೇ ಅದೇ ಊರಿನಲ್ಲಿ ಭೂಕಂಪವಾಗಿ ನೂರಕ್ಕೂ ಹೆಚ್ಚು ಜನರು ಸತ್ತಿದ್ದರು. ಆ ಎಚ್ಚರಿಕೆ ಎರಡೇ ವರ್ಷಗಳಲ್ಲಿ ಮರೆತುಹೋಗಿತ್ತು. ಮರೆವಿನ ವಿರುದ್ಧ ಹೋರಾಡುವುದೇ ಮುಂದೆ ಮೆರ್ಕಲಿಯವರ ಬಾಳಿನ ಕೆಲಸವಾಯಿತು.

ವಿಭೂತಿ ಬುಧವಾರದ ಬೆಳಗು

1884ರ ಕ್ರಿಸ್ತಜಯಂತಿಯ ರಾತ್ರಿ ಸ್ಪೇನ್ ದೇಶದ ಆಂದಲೂಸಿಯಾ ಪ್ರಾಂತದಲ್ಲಿ ಭೂಕಂಪವಾಗಿ ನೂರಾರು ಜನರು ಪ್ರಾಣ ತೆತ್ತಾಗ, ಮೆರ್ಕಲಿಯವರು ಹಿರಿಯ ಭೂವಿಜ್ಞಾನಿ ತೊರ್ಕ್ವಾತೊ ತರಮೆಲ್ಲಿಯವರ ಜೊತೆಯಲ್ಲಿ ಅಲ್ಲಿಗೆ ತೆರಳಿ ಹಾಳುಬಿದ್ದ ಊರುಗಳನ್ನು ಪರಿಶೀಲಿಸಿದರು. ಎರಡು ವರ್ಷಗಳ ಬಳಿಕ ಅಂತಹದೇ ದುರಂತ ಅವರ ಸ್ವದೇಶದಲ್ಲೇ ಸಂಭವಿಸಿತು.

1887ರ ಫೆಬ್ರವರಿ 23 ವಿಭೂತಿ ಬುಧವಾರ. ವಾಯವ್ಯ ಇಟಲಿಯ ಲಿಗೂರಿಯಾ ಕರಾವಳಿಯ ಜನರು ಹಿಂದಿನ ರಾತ್ರಿಯ ಸಂಭ್ರಮವನ್ನು ಮುಗಿಸಿ ತಪಸ್ಸುಕಾಲಕ್ಕೆ ಕಾಲಿಡುತ್ತಿದ್ದರು. ಬಯಾರ್ದೊ ಎಂಬ ಬೆಟ್ಟದ ಮೇಲಿನ ಹಳ್ಳಿಯಲ್ಲಿ ಭಕ್ತಾದಿಗಳು ನಸುಕಿನಲ್ಲೇ ದೇವಾಲಯದಲ್ಲಿ ನೆರೆದಿದ್ದರು. ಹಣೆಗೆ ವಿಭೂತಿಯನ್ನು ಧರಿಸಿ, ಮಾನವನು ಮಣ್ಣೆಂಬುದನ್ನು ನೆನೆಯುವ ಆ ಪೂಜೆಯ ವೇಳೆಯಲ್ಲೇ ಭೂಮಿ ನಡುಗಿ ಚಾವಣಿ ಕುಸಿಯಿತು. ಆ ಒಂದೇ ದೇವಾಲಯದಲ್ಲಿ ಇನ್ನೂರಕ್ಕೂ ಹೆಚ್ಚು ಜನರು ಅಸುನೀಗಿದರು. ಇಡೀ ಪ್ರಾಂತದಲ್ಲಿ ಸತ್ತವರ ಸಂಖ್ಯೆ ಆರುನೂರನ್ನು ಮೀರಿತು.

ಇಂತಹ ಸುದ್ದಿ ಕಿವಿಗೆ ಬಿದ್ದಾಗ, ದೇವರ ಮನೆಯಲ್ಲೇ ದೇವಜನರು ಹೀಗೆ ಸಾಯಬಹುದೇ ಎಂಬ ಪ್ರಶ್ನೆ ಏಳುವುದು ಸಹಜ. ದುಡುಕಿನವರು ಅದನ್ನು ದೈವದಂಡನೆಯೆಂದು ಸಾರಬಹುದು. ಇನ್ನು ಕೆಲವರು ದೇವರೇ ಇಲ್ಲವೆಂದು ಸಾರಬಹುದು. ಮೆರ್ಕಲಿ ಸ್ವಾಮಿಯವರು ತರಮೆಲ್ಲಿಯವರೊಡನೆ ಆ ಊರುಗಳನ್ನು ಕುರಿತು ಮಾಹಿತಿ ಕಲೆಹಾಕಿದರು. ಯಾವ ಗೋಡೆ ಬಿತ್ತು, ಯಾವುದು ನಿಂತಿತು, ಕಟ್ಟಡ ಬಂಡೆಯ ಮೇಲಿತ್ತೋ ಸಡಿಲ ಮಣ್ಣಿನ ಮೇಲಿತ್ತೋ, ಗೋಡೆಗೆ ಬಳಸಿದ ಗಾರೆ ಎಂಥದು, ಚಾವಣಿಯ ಭಾರವೆಷ್ಟು, ಗಡಿಯಾರಗಳು ಎಷ್ಟು ಹೊತ್ತಿಗೆ ನಿಂತವು ಎಂಬಿಂಥ ವಿವರಗಳಿಂದಲೇ ಭೂಕಂಪದ ಚರಿತ್ರೆ ರೂಪುಗೊಳ್ಳುತ್ತದೆ. ಅವರ ವರದಿ 1888ರಲ್ಲಿ ಪ್ರಕಟವಾಯಿತು. ಸತ್ತವರ ಆತ್ಮಗಳಿಗಾಗಿ ಪ್ರಾರ್ಥಿಸುವುದು ಹೇಗೆ ಕರ್ತವ್ಯವೋ, ಬದುಕುಳಿದವರು ಮುಂದೆ ಹಾಗೆ ಸಾಯದಂತೆ ಕಾರಣವನ್ನು ಹುಡುಕುವುದೂ ಹಾಗೆಯೇ ಕರ್ತವ್ಯ ಎಂಬುದನ್ನು ಈ ಯಾಜಕರು ಕೃತಿಯಿಂದ ತೋರಿಸಿದರು.

ಗುರುಮಠದಿಂದ ಹೊರಗೆ

ಇದೇ ಕಾಲದಲ್ಲಿ ಅವರ ಸ್ವಂತ ಬಾಳಿನಲ್ಲಿಯೂ ಒಂದು ಕಂಪನ ಉಂಟಾಯಿತು. ಅಂತೋನಿಯೊ ರೊಸ್ಮೀನಿ ಎಂಬ ಯಾಜಕ ತತ್ತ್ವಜ್ಞಾನಿ 1855ರಲ್ಲಿ ತೀರಿಕೊಂಡಿದ್ದರು. ಅವರ ವಿಚಾರಗಳ ಬಗ್ಗೆ ಧರ್ಮಸಭೆಯಲ್ಲಿ ತೀವ್ರ ವಾಗ್ವಾದ ನಡೆದಿತ್ತು. ಅವರ ಬರಹಗಳಿಂದ ಆಯ್ದ ನಲವತ್ತು ವಾಕ್ಯಗಳನ್ನು ರೋಮಿನ ಅಧಿಕಾರಿಗಳು 1887ರ ಡಿಸೆಂಬರಿನಲ್ಲಿ ಖಂಡಿಸಿದರು. ಸ್ತೊಪ್ಪಾನಿಯವರೂ ಅವರ ಶಿಷ್ಯರಾದ ಮೆರ್ಕಲಿಯವರೂ ರೊಸ್ಮೀನಿಯವರನ್ನು ಗೌರವಿಸುತ್ತಿದ್ದವರು. ಮಿಲಾನಿನಲ್ಲಿ ರೊಸ್ಮೀನಿಯವರ ಸ್ಮಾರಕವನ್ನು ನಿಲ್ಲಿಸುವ ಕಾರ್ಯಕ್ಕೆ ಮೆರ್ಕಲಿಯವರು ಬೆಂಬಲ ನೀಡಿದರು. ಅದರ ಫಲವಾಗಿ ಗುರುಮಠದ ಉಪಾಧ್ಯಾಯ ಪದವಿಯನ್ನು ಬಿಟ್ಟು ಹೊರಡಬೇಕಾಯಿತು.

ಈ ಪ್ರಸಂಗವನ್ನು ಮುಚ್ಚಿಡುವ ಅಗತ್ಯವಿಲ್ಲ. ಧರ್ಮಸಭೆಯೇ ಅದಕ್ಕೆ ಉತ್ತರವನ್ನು ಕೊಟ್ಟಿದೆ. 2001ರಲ್ಲಿ ವಿಶ್ವಾಸ ಸಿದ್ಧಾಂತದ ಪೀಠವು ರೊಸ್ಮೀನಿಯವರ ಮೇಲಿನ ಆ ಹಳೆಯ ಆಕ್ಷೇಪಕ್ಕೆ ಇನ್ನು ಆಧಾರವಿಲ್ಲವೆಂದು ಘೋಷಿಸಿತು. 2007ರ ನವೆಂಬರ್ 18ರಂದು ರೊಸ್ಮೀನಿಯವರು ಪುನೀತರ ಪಟ್ಟಕ್ಕೆ ಏರಿದರು. ಆದರೆ 1888ರಲ್ಲಿ ಇದನ್ನು ಯಾರೂ ಕಾಣಲಾರರು. ಮೂವತ್ತೆಂಟರ ವಯಸ್ಸಿನ ಯಾಜಕರೊಬ್ಬರು ತಮ್ಮ ಮಠವನ್ನೂ ಊರನ್ನೂ ಬಿಟ್ಟು, ಸರ್ಕಾರದ ಪ್ರೌಢಶಾಲೆಗಳಲ್ಲಿ ಜೀವನೋಪಾಯವನ್ನು ಹುಡುಕಬೇಕಾಯಿತು. ಅಂದಿನ ಇಟಲಿಯ ಸರ್ಕಾರಕ್ಕೂ ಧರ್ಮಸಭೆಗೂ ಇದ್ದ ವೈಮನಸ್ಯವನ್ನು ಬಲ್ಲವರಿಗೆ ಆ ಸ್ಥಿತಿಯ ಕಷ್ಟ ಅರ್ಥವಾದೀತು. ಆದರೂ ಅವರು ಯಾಜಕತ್ವವನ್ನು ತೊರೆಯಲಿಲ್ಲ, ವಿಜ್ಞಾನವನ್ನೂ ತೊರೆಯಲಿಲ್ಲ.

ಮೊದಲು ಉತ್ತರದ ದೊಮೊದೊಸ್ಸೊಲಾ, ಬಳಿಕ ದಕ್ಷಿಣದ ತುತ್ತತುದಿಯ ರೆಜ್ಜೊ ಕಲಾಬ್ರಿಯಾ ಅವರ ಕಾರ್ಯಕ್ಷೇತ್ರಗಳಾದವು. ಹೊರಗಟ್ಟಿದ ದಾರಿಯೇ ಅವರನ್ನು ಜ್ವಾಲಾಮುಖಿಗಳ ಬಳಿಗೆ ಕರೆದೊಯ್ದದ್ದು ದೈವಚಿತ್ತವೆನ್ನದೆ ಇರಲಾಗದು. ರೆಜ್ಜೊಗೆ ಬಹು ದೂರವಲ್ಲದ ಸಮುದ್ರದಲ್ಲಿ ವುಲ್ಕಾನೊ ಎಂಬ ದ್ವೀಪವಿದೆ. 1888ರ ಆಗಸ್ಟಿನಲ್ಲಿ ಅದು ಸಿಡಿಯತೊಡಗಿ 1890ರವರೆಗೆ ಸಿಡಿಯುತ್ತಲೇ ಇತ್ತು. ಮೆರ್ಕಲಿಯವರು ಸಹ ವಿಜ್ಞಾನಿಗಳೊಡನೆ ಅದನ್ನು ಅಧ್ಯಯನ ಮಾಡಿದರು. ಬಿಡುವು ಬಿಟ್ಟು ಬಿಟ್ಟು ಮಹಾಸ್ಫೋಟದೊಡನೆ ಕಪ್ಪು ಬೂದಿಯ ಮೋಡವನ್ನೂ, ಒಲೆಯಲ್ಲಿ ಬೆಂದ ರೊಟ್ಟಿಯ ಹೊರಪದರದಂತೆ ಬಿರಿದ ಕಲ್ಲುಗುಂಡುಗಳನ್ನೂ ಎಸೆಯುವ ಆ ಬಗೆಗೆ ವುಲ್ಕಾನೊ ಮಾದರಿಯ ಸ್ಫೋಟವೆಂಬ ಹೆಸರು ನಿಂತಿತು. ನೆರೆಯ ಸ್ತ್ರೊಂಬೊಲಿಯಾದರೋ ಕೆಲವು ನಿಮಿಷಗಳಿಗೊಮ್ಮೆ ಕೆಂಡವನ್ನು ಚಿಮ್ಮಿಸುತ್ತ, ನಾವಿಕರಿಗೆ ದೀಪಸ್ತಂಭದಂತೆ ಉರಿಯುವ ಬೆಟ್ಟ. ಇಂದಿಗೂ ಜ್ವಾಲಾಮುಖಿ ವಿಜ್ಞಾನ ಈ ಎರಡು ಹೆಸರುಗಳನ್ನು ಬಳಸುತ್ತಿದೆ.

ವೆಸೂವಿಯಸ್ಸಿನ ಸಮಾಚಾರ

1892ರಲ್ಲಿ ಮೆರ್ಕಲಿ ಸ್ವಾಮಿಯವರು ನೇಪಲ್ಸ್ ನಗರದ ವಿತ್ತೋರಿಯೊ ಇಮ್ಮಾನುವೇಲೆ ಪ್ರೌಢಶಾಲೆಗೆ ಬಂದರು. ವಿಶ್ವವಿದ್ಯಾನಿಲಯದಲ್ಲಿಯೂ ಜ್ವಾಲಾಮುಖಿ ಮತ್ತು ಭೂಕಂಪ ಶಾಸ್ತ್ರಗಳ ಉಪನ್ಯಾಸಗಳನ್ನು ಕೊಟ್ಟರು. ಆ ಶಾಲೆಯಲ್ಲಿ ಅವರಿಂದ ಪಾಠ ಕೇಳಿದ ವಿದ್ಯಾರ್ಥಿಗಳಲ್ಲಿ ಒಬ್ಬ ಬಾಲಕನ ಹೆಸರು ಜುಸೆಪ್ಪೆ ಮೊಸ್ಕಾತಿ. ಬಡರೋಗಿಗಳ ವೈದ್ಯನೆಂದು ನಾವು ಗೌರವಿಸುವ, 1987ರಲ್ಲಿ ಸಂತ ಪದವಿಗೇರಿದ ಮೊಸ್ಕಾತಿಯವರೇ ಅವರು.

ನೇಪಲ್ಸಿನ ಯಾವ ಬೀದಿಯಿಂದ ತಲೆಯೆತ್ತಿದರೂ ವೆಸೂವಿಯಸ್ ಕಾಣುತ್ತದೆ. ಕ್ರಿ.ಶ. 79ರಲ್ಲಿ ಪೊಂಪೇಯಿ ನಗರವನ್ನು ಹೂತುಹಾಕಿದ ಬೆಟ್ಟವದು. 1631ರ ಡಿಸೆಂಬರ್ 16ರಂದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡು, ನಗರದತ್ತ ಹೊರಳಿದಾಗ ಜನರು ಸಂತ ಜೆನ್ನಾರೊ ಅವರ ಪವಿತ್ರ ಅವಶೇಷಗಳನ್ನು ಹೊತ್ತು ಮೆರವಣಿಗೆ ಹೊರಟರು. ಆ ದಿನವನ್ನು ನೇಪಲ್ಸಿನ ಭಕ್ತರು ಇಂದಿಗೂ ಆಚರಿಸುತ್ತಾರೆ. 1841ರಲ್ಲಿ ಬೆಟ್ಟದ ಪಾರ್ಶ್ವದಲ್ಲೇ ವೀಕ್ಷಣಾಲಯವೊಂದು ಸ್ಥಾಪಿತವಾಯಿತು. ಜ್ವಾಲಾಮುಖಿಯ ಕಾವಲಿಗಾಗಿ ಲೋಕದಲ್ಲಿ ಕಟ್ಟಿದ ಮೊದಲ ವೀಕ್ಷಣಾಲಯವದು. ಅಲ್ಲಿ ಲುಯಿಜಿ ಪಲ್ಮಿಯೇರಿಯವರು 1856ರಲ್ಲಿ ವಿದ್ಯುತ್ತಿನ ಸಹಾಯದಿಂದ ಕಂಪನಗಳನ್ನು ದಾಖಲಿಸುವ ಯಂತ್ರವನ್ನು ನಿರ್ಮಿಸಿ, ಬೆಟ್ಟ ಸಿಡಿಯುವ ಮುನ್ನ ನೆಲ ನಡುಗುವುದನ್ನು ಗಮನಿಸಿದ್ದರು.

ಮೆರ್ಕಲಿಯವರು ಆಗ ಆ ವೀಕ್ಷಣಾಲಯಕ್ಕೆ ಸೇರಿದವರಲ್ಲ. ಅವರದು ಶಾಲೆಯ ಉದ್ಯೋಗ. ಆದರೂ ಪಾಠ ಮುಗಿದ ಬಳಿಕ, ರಜಾದಿನಗಳಲ್ಲಿ, ಬೆಟ್ಟದ ಮೇಲೇ ಅವರ ಕಣ್ಣು. ಬಾಯಿಯ ಆಳ ಹೆಚ್ಚಿತೇ ಕಡಿಮೆಯಾಯಿತೇ, ಹೊಗೆ ಬಿಳಿಯೋ ಕಪ್ಪೋ, ರಾತ್ರಿ ತುದಿಯಲ್ಲಿ ಕೆಂಪು ಬೆಳಕು ಕಂಡಿತೇ, ಲಾವಾರಸ ಯಾವ ಬಿರುಕಿನಿಂದ ಹರಿಯಿತು, ಯಾವ ದಿನ ನೆಲ ನಡುಗಿತು ಎಂಬ ವಿವರಗಳನ್ನೆಲ್ಲ ವರ್ಷದಿಂದ ವರ್ಷಕ್ಕೆ ದಾಖಲಿಸಿ, ಇಟಲಿಯ ಭೂಕಂಪ ಸಂಘದ ಪತ್ರಿಕೆಯಲ್ಲಿ ವೆಸೂವಿಯಸ್ ಸಮಾಚಾರವೆಂಬ ಶಿರೋನಾಮೆಯಡಿ ಪ್ರಕಟಿಸುತ್ತ ಬಂದರು. 1891ರಿಂದ 1899ರವರೆಗೆ ಎರಡು ಬಾರಿ ಲಾವಾರಸ ನಿಧಾನವಾಗಿ ಉಕ್ಕಿ, ಬೆಟ್ಟದ ಮಗ್ಗುಲಲ್ಲಿ ಎರಡು ಹೊಸ ದಿಬ್ಬಗಳೇ ಎದ್ದವು. ಇವೆಲ್ಲವೂ ಅವರ ಕಣ್ಣೆದುರಿಗೆ ನಡೆದವು. ರೋಗಿಯ ನಾಡಿಯನ್ನು ಪ್ರತಿದಿನ ಹಿಡಿದು ನೋಡುವ ವೈದ್ಯನಿಗೆ ಮಾತ್ರ ಜ್ವರ ಏರಿದ್ದು ತಿಳಿಯುವಂತೆ, ಶಾಂತವಾಗಿದ್ದಾಗಲೂ ಬೆಟ್ಟವನ್ನು ನೋಡುತ್ತಿದ್ದವನಿಗೆ ಮಾತ್ರ ಅದರ ಅಶಾಂತಿ ಅರಿವಿಗೆ ಬರುತ್ತದೆ.

ಹತ್ತು ಮೆಟ್ಟಿಲುಗಳ ಮಾಪಕ

ಈಗ ಅವರ ಹೆಸರನ್ನು ಅಮರಗೊಳಿಸಿದ ಮಾಪಕದ ವಿಷಯ. ದೆ ರೊಸ್ಸಿಯವರೂ ಸ್ವಿಟ್ಜರ್ಲೆಂಡಿನ ಫೊರೆಲ್ ಎಂಬವರೂ ಕೂಡಿ 1883ರಲ್ಲಿ ಹತ್ತು ಮೆಟ್ಟಿಲುಗಳ ಮಾಪಕವೊಂದನ್ನು ರಚಿಸಿದ್ದರು. ಅದರಲ್ಲಿ ಒಂದು ಕುಂದಿತ್ತು. ಊರೊಂದರಲ್ಲಿ ಅನೇಕ ಮನೆಗಳು ಬಿದ್ದರೂ, ಇಡೀ ಊರೇ ನೆಲಸಮವಾದರೂ ಎರಡೂ ಮೇಲಿನ ಒಂದೇ ಮೆಟ್ಟಿಲಿನಲ್ಲಿ ಸೇರಿಬಿಡುತ್ತಿದ್ದವು. ಇಸ್ಕಿಯಾ, ಆಂದಲೂಸಿಯಾ, ಲಿಗೂರಿಯಾಗಳ ಅವಶೇಷಗಳನ್ನು ಅಧ್ಯಯನ ಮಾಡಿದ್ದ ಮೆರ್ಕಲಿಯವರಿಗೆ ಆ ಎರಡರ ಅಂತರ ಚೆನ್ನಾಗಿ ಗೊತ್ತಿತ್ತು. ಅವರು ಮೆಟ್ಟಿಲುಗಳನ್ನು ಹೊಸದಾಗಿ ಹಂಚಿ, ನಾಶದ ಹಂತಗಳನ್ನು ಬಿಡಿಸಿ ತೋರಿಸಿದರು. ಈ ಪರಿಷ್ಕೃತ ಮಾಪಕ 1902ರಲ್ಲಿ ಪ್ರಕಟವಾಯಿತು.

ಯಂತ್ರಕ್ಕೆ ಮಾತ್ರ ತಿಳಿಯುವ ಕಂಪನ ಮೊದಲನೆಯ ಮೆಟ್ಟಿಲು. ಮೇಲಂತಸ್ತಿನಲ್ಲಿ ಸುಮ್ಮನೆ ಕುಳಿತ ಕೆಲವರಿಗೆ ಮಾತ್ರ ಗೊತ್ತಾಗುವುದು ಎರಡನೆಯದು. ಮುಂದಿನವುಗಳಲ್ಲಿ ಕಿಟಕಿ ಬಾಗಿಲುಗಳು ಗದಗದಿಸುತ್ತವೆ, ತೂಗುದೀಪ ಅಲುಗುತ್ತದೆ, ನಿದ್ರಿಸುತ್ತಿದ್ದವರು ಎಚ್ಚರಗೊಳ್ಳುತ್ತಾರೆ. ಏಳನೆಯದರಲ್ಲಿ ಜನರೆಲ್ಲ ಭಯದಿಂದ ಹೊರಗೋಡುತ್ತಾರೆ, ಗೋಪುರದ ಗಂಟೆಗಳು ತಾವಾಗಿ ಮೊಳಗುತ್ತವೆ, ಹೆಂಚುಗಳು ಉದುರುತ್ತವೆ. ಎಂಟನೆಯದರಿಂದ ಮೇಲೆ ಮನೆಗಳು ಬೀಳುತ್ತವೆ. ಹತ್ತನೆಯದರಲ್ಲಿ ಊರು ಉಳಿಯುವುದಿಲ್ಲ.

ಇಂದು ವಾರ್ತೆಗಳಲ್ಲಿ ಕೇಳಿಬರುವ ರಿಕ್ಟರ್ ಮಾಪಕ 1935ರಲ್ಲಿ ಬಂದದ್ದು. ಅದು ಅಳೆಯುವುದು ಬೇರೆಯದನ್ನು. ನಮ್ಮ ದೇವಾಲಯದ ಗಂಟೆಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಗಂಟೆಗೆ ಬೀಳುವ ಹೊಡೆತ ಒಂದೇ. ಆದರೆ ಪಕ್ಕದ ಮನೆಯಲ್ಲಿ ಅದು ಕಿವಿಗಡಚಿಕ್ಕುತ್ತದೆ, ತೋಟದಾಚೆಯ ಮನೆಗೆ ಇಂಪಾಗಿ ಕೇಳುತ್ತದೆ, ಗುಡ್ಡದ ಹಿಂದಿನ ಮನೆಗೆ ಕೇಳಿಸುವುದೇ ಇಲ್ಲ. ಹೊಡೆತದ ಬಲವನ್ನು ಹೇಳುವುದು ರಿಕ್ಟರ್ ಕ್ರಮ. ಒಂದೊಂದು ಮನೆಯಲ್ಲಿ ಹೇಗೆ ಕೇಳಿಸಿತು ಎಂಬುದನ್ನು ಹೇಳುವುದು ಮೆರ್ಕಲಿ ಕ್ರಮ. ಆದುದರಿಂದ ಈ ಎರಡನೆಯದಕ್ಕೆ ಬೆಲೆಬಾಳುವ ಯಂತ್ರ ಬೇಕಿಲ್ಲ. ಕಂಡದ್ದನ್ನು ಕಂಡಂತೆ ಹೇಳುವ ಪ್ರಾಮಾಣಿಕ ಮನುಷ್ಯರು ಬೇಕು. ಅಡುಗೆಮನೆಯಲ್ಲಿ ಪಾತ್ರೆ ಉರುಳಿತೆಂದು ಹೇಳುವ ಮುದುಕಿಯೂ ಇಲ್ಲಿ ವಿಜ್ಞಾನದ ಸಾಕ್ಷಿ. ಯಂತ್ರಗಳೇ ಇಲ್ಲದ ಶತಮಾನಗಳ ಭೂಕಂಪಗಳನ್ನು ಕೂಡ ಹಳೆಯ ಬರಹಗಳಿಂದ ಅಳೆಯಲು ಇದರಿಂದಲೇ ಸಾಧ್ಯವಾಯಿತು.

ಗರಿಗಳ ಭಾನುವಾರ

1906ರ ಏಪ್ರಿಲ್ 4ರಂದು ವೆಸೂವಿಯಸ್ ಎದ್ದಿತು. ಏಪ್ರಿಲ್ 7ರ ರಾತ್ರಿ ಅದರ ರೌದ್ರ ಉತ್ತುಂಗಕ್ಕೇರಿತು. ಮರುದಿನ ಗರಿಗಳ ಭಾನುವಾರ. ಸಾನ್ ಜುಸೆಪ್ಪೆ ಎಂಬ ಊರಿನಲ್ಲಿ ಕಲ್ಲುಮಳೆಗೆ ಹೆದರಿದ ಜನರು ದೇವಾಲಯವೊಂದರಲ್ಲಿ ಆಶ್ರಯ ಪಡೆದಿದ್ದರು. ಮೇಲೆ ಬಿದ್ದ ಬೂದಿ ಮತ್ತು ಹರಳುಗಲ್ಲಿನ ಭಾರವನ್ನು ತಾಳಲಾರದೆ ಚಾವಣಿ ಕುಸಿದು ನೂರಕ್ಕೂ ಮಿಕ್ಕ ಜನರು ಸತ್ತರು. ತೊರ್ರೆ ದೆಲ್ ಗ್ರೇಕೊ ಪಟ್ಟಣದ ಆಸ್ಪತ್ರೆಯ ಚಾವಣಿಯ ಮೇಲೆಯೂ ಅದೇ ಬೂದಿ ಕೂರುತ್ತಿತ್ತು. ಆದರೆ ಅಲ್ಲಿಗೆ ತರುಣ ವೈದ್ಯರೊಬ್ಬರು ಧಾವಿಸಿ, ವೃದ್ಧರನ್ನೂ ಹಾಸಿಗೆ ಹಿಡಿದವರನ್ನೂ ಒಬ್ಬೊಬ್ಬರಾಗಿ ಹೊರಗೆ ಸಾಗಿಸಿದರು. ಎಲ್ಲರೂ ಹೊರಬಂದ ಸ್ವಲ್ಪ ಹೊತ್ತಿನಲ್ಲೇ ಕಟ್ಟಡ ಕುಸಿಯಿತು. ಆ ವೈದ್ಯರೇ ಮೊಸ್ಕಾತಿ, ಮೆರ್ಕಲಿ ಸ್ವಾಮಿಯವರ ಶಿಷ್ಯರು. ಬೂದಿಯ ಭಾರದಿಂದ ಒಂದು ಚಾವಣಿಯಡಿಯಲ್ಲಿ ನೂರು ಜೀವಗಳು ಹೋದವು. ಸಕಾಲದ ಎಚ್ಚರದಿಂದ ಇನ್ನೊಂದು ಚಾವಣಿಯಡಿಯ ಜೀವಗಳು ಉಳಿದವು.

ಆ ದಿನಗಳಲ್ಲಿ ವೀಕ್ಷಣಾಲಯದ ನಿರ್ದೇಶಕರಾದ ಮತ್ತೆಯುಚ್ಚಿಯವರು ಬೆಟ್ಟವನ್ನು ಬಿಟ್ಟು ಇಳಿಯಲಿಲ್ಲ. ಅವರ ಜೊತೆಗಿದ್ದವರು ಫ್ರಾಂಕ್ ಪೆರೆಟ್ ಎಂಬ ಅಮೆರಿಕದ ವಿದ್ಯುತ್ ಎಂಜಿನಿಯರ್. ಆರೋಗ್ಯ ಸುಧಾರಣೆಗಾಗಿ ಇಟಲಿಗೆ ಬಂದು, ಬೆಟ್ಟದ ಮೋಹಕ್ಕೆ ಸಿಕ್ಕಿ, ಸ್ವಯಂಸೇವಕರಾಗಿ ನಿಂತವರು. ಸ್ಫೋಟಕ್ಕೆ ಮುಂಚೆ ಒಂದು ರಾತ್ರಿ ಕಬ್ಬಿಣದ ಮಂಚದಲ್ಲಿ ಸೂಕ್ಷ್ಮವಾದ ಗುಂಯ್‌ಗುಡುವಿಕೆಯನ್ನು ಗಮನಿಸಿದ ಅವರು, ಆ ಮಂಚಕ್ಕೆ ಹಲ್ಲುಗಳನ್ನು ಒತ್ತಿ ಹಿಡಿದು ನೆಲದ ನಡುಕವನ್ನು ಅರಿತರೆಂಬುದು ಪ್ರಸಿದ್ಧ ಸಂಗತಿ. ಮೆರ್ಕಲಿ ಸ್ವಾಮಿಯವರಾದರೋ ಸ್ಫೋಟದ ಬಳಿಕ ಬೆಟ್ಟವನ್ನು ಪರಿಶೀಲಿಸಿ, ಛಾಯಾಚಿತ್ರಗಳನ್ನು ತೆಗೆದು, ಅದರ ಸಮಗ್ರ ವೃತ್ತಾಂತವನ್ನು ಬರೆದರು. ಮರುವರ್ಷ, 1907ರಲ್ಲಿ, ಭೂಮಂಡಲದ ಎಲ್ಲ ಜೀವಂತ ಜ್ವಾಲಾಮುಖಿಗಳನ್ನು ಕುರಿತ ಅವರ ಗ್ರಂಥ ಹೊರಬಂದಿತು.

ಕೇಳದೆ ಹೋದ ಎಚ್ಚರಿಕೆ

ದಕ್ಷಿಣ ಕಲಾಬ್ರಿಯಾ ಮತ್ತು ಮೆಸ್ಸೀನಾ ಪ್ರದೇಶಗಳ ಭೂಕಂಪಗಳ ಚರಿತ್ರೆಯನ್ನು ಮೆರ್ಕಲಿಯವರು 1897ರಲ್ಲೇ ಪ್ರಕಟಿಸಿದ್ದರು. ಆ ನೆಲ ಎಷ್ಟು ಬಾರಿ ನಡುಗಿದೆ, ಎಲ್ಲಿ ಎಷ್ಟು ಹಾನಿಯಾಗಿದೆ ಎಂಬುದೆಲ್ಲ ಅಲ್ಲಿತ್ತು. 1783ರ ಮಹಾಭೂಕಂಪದ ಬಳಿಕ ಅಂದಿನ ರಾಜ್ಯಾಡಳಿತ ಮರದ ಚೌಕಟ್ಟಿನ ಮೇಲೆ ಮನೆಗಳನ್ನು ಕಟ್ಟಬೇಕೆಂದು ವಿಧಿಸಿತ್ತು. ಕಾಲ ಕಳೆದಂತೆ ಜನರು ಅದನ್ನು ಕೈಬಿಟ್ಟರು. 1894ರಲ್ಲಿ ಕಲಾಬ್ರಿಯಾ ನಡುಗಿತು. 1905ರಲ್ಲಿ, ನಾವು ತೆನೆಹಬ್ಬವೆಂದು ಆಚರಿಸುವ ಮಾತೆ ಮರಿಯಮ್ಮನವರ ಜನನೋತ್ಸವದ ದಿನ, ಸೆಪ್ಟೆಂಬರ್ 8ರಂದು, ಮತ್ತೆ ನಡುಗಿತು. ಎರಡನ್ನೂ ಮೆರ್ಕಲಿಯವರು ಅಧ್ಯಯನ ಮಾಡಿ ಬರೆದರು.

ಕೊನೆಗೆ 1908ರ ಡಿಸೆಂಬರ್ 28ರ ನಸುಕಿನಲ್ಲಿ, ಹೆರೋದನ ಕತ್ತಿಗೆ ಬಲಿಯಾದ ಹಸುಳೆಗಳನ್ನು ಧರ್ಮಸಭೆ ಸ್ಮರಿಸುವ ದಿನ, ಮೆಸ್ಸೀನಾ ಮತ್ತು ರೆಜ್ಜೊ ನಗರಗಳು ಒಂದು ನಿಮಿಷದೊಳಗೆ ನೆಲಕಚ್ಚಿದವು. ಬೆನ್ನಿಗೇ ಸಮುದ್ರ ಉಕ್ಕಿ ದಡಕ್ಕೆ ಓಡಿದವರನ್ನು ನುಂಗಿತು. ಸತ್ತವರು ಸುಮಾರು ಎಂಬತ್ತು ಸಾವಿರ ಅಥವಾ ಅದಕ್ಕೂ ಹೆಚ್ಚು. ರೆಜ್ಜೊ ಮೆರ್ಕಲಿಯವರು ಒಂದು ಕಾಲಕ್ಕೆ ಪಾಠ ಹೇಳಿದ ಊರು; ಅಲ್ಲಿಯ ಬೀದಿಗಳು ಅವರಿಗೆ ಪರಿಚಿತವಾದವು. ತಮ್ಮ ಮಾಪಕದ ಹತ್ತು ಮೆಟ್ಟಿಲುಗಳೂ ಈ ನಾಶಕ್ಕೆ ಸಾಲವೆಂದು ಕಂಡು, ಅವರು ಹನ್ನೊಂದನೆಯದನ್ನು ಪರಿಗಣಿಸಬೇಕಾಯಿತು. ಸಂತ ಲುಯಿಜಿ ಒರಿಯೋನೆ, ಸಂತ ಅನ್ನಿಬಾಲೆ ದಿ ಫ್ರಾಂಚಾ ಮುಂತಾದವರು ಅನಾಥ ಮಕ್ಕಳ ರಕ್ಷಣೆಗೆ ನಿಂತರು. 1909ರ ಏಪ್ರಿಲಿನಲ್ಲಿ ಸರ್ಕಾರ ಭೂಕಂಪ ಪೀಡಿತ ಪ್ರದೇಶಗಳಲ್ಲಿ ಕಟ್ಟಡಗಳು ಹೇಗಿರಬೇಕೆಂದು ಕಟ್ಟಳೆಯನ್ನು ಹೊರಡಿಸಿತು. ಹೇಳಬೇಕಾದುದನ್ನು ಹನ್ನೊಂದು ವರ್ಷ ಮುಂಚೆಯೇ ಬರೆದಿಟ್ಟ ಯಾಜಕರ ಪುಸ್ತಕ ಗ್ರಂಥಾಲಯಗಳಲ್ಲಿ ಇದ್ದೇ ಇತ್ತು. ತಿಳಿವಳಿಕೆ ಇದ್ದರೆ ಸಾಲದು, ಅದು ಮನೆ ಕಟ್ಟುವವನ ಕೈಗೆ ತಲುಪಬೇಕು ಎಂಬ ಕಹಿಯಾದ ಪಾಠವಿದು.

ಅಂತಿಮ ದಿನಗಳು

1911ರಲ್ಲಿ ಮೆರ್ಕಲಿ ಸ್ವಾಮಿಯವರು ವೆಸೂವಿಯಸ್ ವೀಕ್ಷಣಾಲಯದ ನಿರ್ದೇಶಕರಾಗಿ ನೇಮಕಗೊಂಡರು. ಸುಮಾರು ಇಪ್ಪತ್ತು ವರ್ಷ ಹೊರಗಿನಿಂದ ಕಾವಲು ಕಾದವರಿಗೆ ಅರುವತ್ತೊಂದರ ವಯಸ್ಸಿನಲ್ಲಿ ಒಳಗಿನ ಹೊಣೆ ದೊರೆಯಿತು. ವೀಕ್ಷಣಾಲಯವನ್ನು ಹೊಸ ಉಪಕರಣಗಳಿಂದಲೂ ಕ್ರಮಬದ್ಧ ವೀಕ್ಷಣೆಯಿಂದಲೂ ಪುನಶ್ಚೇತನಗೊಳಿಸುವ ಕೆಲಸಕ್ಕೆ ಅವರು ತೊಡಗಿದರು. ರಾತ್ರಿಯೆಲ್ಲ ಓದಿ ಬರೆಯುವುದು ಅವರ ರೂಢಿ. ಒಮ್ಮೆ ಬೆಳಗಿನ ಹನ್ನೊಂದು ಗಂಟೆಯಾದರೂ ಬೆಳಗಾದುದನ್ನೇ ಅರಿಯದೆ, ಪರೀಕ್ಷೆಗೆ ಹೋಗಬೇಕೆಂಬುದನ್ನೂ ಮರೆತು, ಮೇಜಿನ ಮುಂದೆಯೇ ಕುಳಿತಿದ್ದರಂತೆ.

ಆ ರೂಢಿಯೇ ಅವರ ಅಂತ್ಯಕ್ಕೂ ಕಾರಣವಾಯಿತೆಂದು ತೋರುತ್ತದೆ. 1914ರ ಮಾರ್ಚ್ 19ರ ಬೆಳಗ್ಗೆ ನೇಪಲ್ಸಿನ ಅವರ ಕೋಣೆಯಲ್ಲಿ, ಬೆಂಕಿಗೆ ಸಿಲುಕಿ ಮಡಿದ ಅವರ ದೇಹ ಕಂಡುಬಂತು. ದೀಪ ಉರುಳಿ ಹಾಸಿಗೆಗೆ ಕಿಚ್ಚು ತಗುಲಿತೆಂದು ಭಾವಿಸಲಾಯಿತು. ಕೆಲವು ದಿನ ಹಣದಾಸೆಯ ಕೊಲೆಯೆಂಬ ಸಂಶಯವೂ ಸುಳಿದಾಡಿತು. ಅಗ್ನಿಯ ಬೆಟ್ಟಗಳನ್ನು ಆಜೀವ ಪರ್ಯಂತ ಹತ್ತಿಳಿದವರು ಒಂದು ಕೋಣೆಯ ಬೆಂಕಿಗೆ ಆಹುತಿಯಾದರು. ಅಂದು ಸಂತ ಜೋಸೆಫರ ಹಬ್ಬ, ಅವರ ನಾಮಕ ಸಂತರ ದಿನ. ಸುಮರಣದ ಪಾಲಕರೆಂದು ನಾವು ಪ್ರಾರ್ಥಿಸುವ ಆ ಸಂತರು ಈ ಶ್ರಮಜೀವಿ ಯಾಜಕರನ್ನು ಕೈಹಿಡಿದು ಕರೆದೊಯ್ದರೆಂದು ನಂಬೋಣ.

ಉಳಿದುಬಂದ ಸೇವೆ

ಮೆರ್ಕಲಿಯವರ ಮಾಪಕವನ್ನು ಅದೋಲ್ಫೊ ಕಂಕಾನಿಯವರು ಹನ್ನೆರಡು ಮೆಟ್ಟಿಲುಗಳಿಗೆ ವಿಸ್ತರಿಸಿದರು. ಜರ್ಮನಿಯ ಸೀಬೆರ್ಗ್ ಅವರು ಅದಕ್ಕೆ ವಿಸ್ತಾರವಾದ ವಿವರಣೆಯನ್ನು ಕೊಟ್ಟರು. 1931ರಲ್ಲಿ ಅಮೆರಿಕದಲ್ಲಿ ಅದು ಮತ್ತೆ ಪರಿಷ್ಕೃತವಾಯಿತು. ನಮ್ಮ ನಾಡಿನಲ್ಲಿಯೂ 1967ರ ಡಿಸೆಂಬರ್ 11ರ ಕೊಯ್ನಾ ಭೂಕಂಪ, 1993ರ ಸೆಪ್ಟೆಂಬರ್ 30ರ ಕಿಲ್ಲಾರಿ ಭೂಕಂಪಗಳಾದಾಗ ವಿಜ್ಞಾನಿಗಳು ಹಳ್ಳಿಹಳ್ಳಿಗೆ ಹೋಗಿ ಗೋಡೆಗಳನ್ನು ನೋಡಿ, ಜನರನ್ನು ಕೇಳಿ, ಇಂತಹ ಮೆಟ್ಟಿಲುಗಳಲ್ಲೇ ಹಾನಿಯನ್ನು ಅಳೆದರು. ಕಿಲ್ಲಾರಿಯ ಕಂಪನವನ್ನು ನಮ್ಮ ಬೀದರ್, ಕಲಬುರಗಿಗಳ ಜನರೂ ಅನುಭವಿಸಿದರು. ಅಲ್ಲಿ ಕಲ್ಲಿನ ಗೋಡೆಗಳ ಮೇಲೆ ಹೊರಿಸಿದ್ದ ಮಣ್ಣಿನ ಭಾರವಾದ ಮಾಳಿಗೆಗಳೇ ಮಲಗಿದ್ದವರ ಮೇಲೆ ಬಿದ್ದು ಸಾವಿರಾರು ಜೀವಗಳನ್ನು ತೆಗೆದವು. ಬಯಾರ್ದೊ ಕಲಿಸಿದ ಪಾಠ ನಮಗೂ ಅನ್ಯವಲ್ಲ.

ವೆಸೂವಿಯಸ್ 1944ರ ಬಳಿಕ ಸಿಡಿದಿಲ್ಲ. ಆದರೆ ಇಸ್ಕಿಯಾದ ಕಸಮೀಚೋಲಾದಲ್ಲಿ 2017ರ ಆಗಸ್ಟ್ 21ರಂದು ಮತ್ತೆ ಮನೆಗಳು ಬಿದ್ದವು. ನೇಪಲ್ಸಿನ ಪಶ್ಚಿಮಕ್ಕಿರುವ ಪೊತ್ಸುವೋಲಿಯ ನೆಲ ವರ್ಷಗಳಿಂದ ನಿಧಾನವಾಗಿ ಮೇಲೇಳುತ್ತ ನಡುಗುತ್ತಿದೆ. 2024ರ ಮೇ 20ರಂದು ಅಲ್ಲಿ 4.4 ಪ್ರಮಾಣದ ಕಂಪನವಾಯಿತು. ಸಂತ ಪೌಲರು ರೋಮಿಗೆ ಸೆರೆಯಾಗಿ ಹೋಗುವಾಗ ಹಡಗಿನಿಂದಿಳಿದು, ಸಹೋದರರೊಡನೆ ಏಳು ದಿನ ತಂಗಿದ್ದ ಪೊತಿಯೋಲವೆಂದು ಪ್ರೇಷಿತರ ಕಾರ್ಯಕಲಾಪಗಳಲ್ಲಿ ನಾವು ಓದುವ ಊರು ಅದೇ. ಅಲ್ಲಿಯ ಕಂಪನಗಳನ್ನು ಅನೇಕ ಯಂತ್ರಗಳು ದಾಖಲಿಸುತ್ತವೆ. ಆದರೂ ಪ್ರತಿ ಕಂಪನದ ಬಳಿಕ ತಾವು ಕಂಡದ್ದನ್ನೂ ಕೇಳಿದ್ದನ್ನೂ ತಿಳಿಸಿರೆಂದು ವಿಜ್ಞಾನಿಗಳು ಸಾಮಾನ್ಯ ಜನರನ್ನು ಕೇಳಿಕೊಳ್ಳುತ್ತಾರೆ. ಅಂದು ಅಂಚೆಯಲ್ಲಿ ಹೋಗುತ್ತಿದ್ದ ವರದಿ ಇಂದು ಕೈಯಲ್ಲಿನ ದೂರವಾಣಿಯ ಮೂಲಕ ಹೋಗುತ್ತದೆ. ಅದನ್ನು ಅಳೆಯುವ ಕೋಲು ಮಾತ್ರ ಮೆರ್ಕಲಿ ಸ್ವಾಮಿಯವರ ಪರಂಪರೆಯದೇ.

ಪ್ರಿಯ ಭಕ್ತಾದಿಗಳೇ, ಮೆರ್ಕಲಿ ಸ್ವಾಮಿಯವರು ಭೂಕಂಪವನ್ನು ತಡೆಯಲಿಲ್ಲ. ತಡೆಯಬಲ್ಲೆನೆಂದು ಹೇಳಲೂ ಇಲ್ಲ. ಅವರು ಮಾಡಿದ್ದು ಎಚ್ಚರವಾಗಿದ್ದು ನೋಡುವ, ನೋಡಿದ್ದನ್ನು ನಿಷ್ಠೆಯಿಂದ ಬರೆದಿಡುವ, ಬರೆದದ್ದನ್ನು ನೆರೆಯವರ ಪ್ರಾಣರಕ್ಷಣೆಗೆ ಒಪ್ಪಿಸುವ ಕೆಲಸ. ನಂಬಿಗಸ್ತ ಸೇವಕನು ದೀಪ ಹಚ್ಚಿಟ್ಟುಕೊಂಡು ಕಾದಿರಬೇಕೆಂಬ ಶುಭಸಂದೇಶದ ಬೋಧನೆಯನ್ನು ಅವರು ಹೀಗೆ ಪಾಲಿಸಿದರು. ನಮ್ಮ ದೇವಾಲಯದ ಗಂಟೆ ಭಕ್ತರ ಕೈಯಿಂದಲೇ, ಪ್ರಾರ್ಥನೆಯ ಕರೆಯಾಗಿಯೇ ಇನ್ನೂ ಶತಮಾನಗಳ ಕಾಲ ಮೊಳಗುತ್ತಿರಲಿ. ಅದನ್ನು ಕೇಳುವಾಗ ಒಮ್ಮೆಯಾದರೂ, ಎಂದೋ ದೂರದ ನಾಡಿನಲ್ಲಿ ತಾವಾಗಿ ಮೊಳಗಿದ ಗಂಟೆಗಳ ಅಡಿಯಲ್ಲಿ ಮಡಿದವರಿಗಾಗಿಯೂ, ಆ ನಾದದ ಅರ್ಥವನ್ನು ಜಗತ್ತಿಗೆ ತಿಳಿಸಿದ ಈ ಯಾಜಕರಿಗಾಗಿಯೂ ಒಂದು ಪ್ರಾರ್ಥನೆಯನ್ನು ಸಲ್ಲಿಸೋಣ.